ಹದಿನೇಳನೆಯ ಪರದೆ

ಶಾಲ್ಮಲಾ ಇಟಗಿಯ ಮೇಜಿನ ಡ್ರಾಯರಿನಲ್ಲಿ ಹದಿನೇಳು ಸಾಧನಗಳಿದ್ದವು. ಗೋಡೆಗೆ ಹಾಕುವ ಗಾಜಿನ ಒಂದು ತುಂಡು, ಮಡಚುವ ಫೋನು, ಮಡಚದ ಫೋನು, ಕಾರಿನೊಳಗೆ ಕೂರಿಸುವ ಉದ್ದನೆಯ ಪರದೆ, ಕನ್ನಡಕ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಹಾಳೆ, ಹೀಗೆ. ಹದಿನಾರನ್ನು ಅವಳು ದಿನವೂ ಮುಟ್ಟುತ್ತಿದ್ದಳು. ಹದಿನೇಳನೆಯದು ಕೈಪಟ್ಟಿ. ಅದು ಬಂದ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಚೀಲದ ಬಾಯಿಗೆ ಅಂಟಿಸಿದ್ದ ಟೇಪು ನಾಲ್ಕು ವರ್ಷದಲ್ಲಿ ಹಳದಿಯಾಗಿತ್ತು.

ಬೇಕೆಂದೇ ಮಾಡಿದ ಉದಾಸೀನವಲ್ಲ ಇದು. ಕೈಪಟ್ಟಿಯಲ್ಲಿ ತನ್ನ ವಿನ್ಯಾಸ ಹೇಗೆ ಕಾಣುತ್ತದೆಂದು ನೋಡಬೇಕಾದಾಗ ಅವಳು ಮೇಜಿನ ದೊಡ್ಡ ಗಾಜಿನ ಮೇಲೆ ಎರಡು ಬೆರಳಗಲದ ಚೌಕವೊಂದನ್ನು ತೆರೆಯುತ್ತಿದ್ದಳು. ಕೈಪಟ್ಟಿಯ ಪರದೆ ಅಲ್ಲಿ ಯಥಾವತ್ತಾಗಿ ಮೂಡುತ್ತಿತ್ತು. ಅವಳ ಮೆತ್ತನೆಯ ತೋರುಬೆರಳು ಸವರಿದರೆ ಸಾಕು, ಸಾಕಿದ ಕರುವಿನಂತೆ ಹೇಳಿದ ಕಡೆ ಸರಿಯುತ್ತಿತ್ತು. ಆ ಕಸುಬಿನವರೆಲ್ಲ ಮಾಡುತ್ತಿದ್ದುದು ಹಾಗೇ. ಚಿತ್ರ ಸರಿಯಾಗಿ ಕಾಣುತ್ತಿರುವಾಗ ಚೀಲ ಯಾಕೆ ಬಿಚ್ಚಬೇಕು?

ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹೆಸರು ‘ಸಲೀಸು’. ಹುಬ್ಬಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಅದಕ್ಕೆ ಆರಂತಸ್ತಿನ ಕಟ್ಟಡವಿತ್ತು. ಊರಿನ ಎಲ್ಲ ಸೇವೆಗಳನ್ನೂ ನಗರ ಸೇವಾ ಮಂಡಳಿ ಎಂಬ ಹೊಸ ಸಂಸ್ಥೆಗೆ ಒಪ್ಪಿಸಿ ಎಂಟು ವರ್ಷವಾಗಿತ್ತು. ನೀರಿನ ಪಾಳಿ, ರೇಷನ್, ಬಸ್ಸು, ಆಸ್ಪತ್ರೆ ಎಲ್ಲವೂ ‘ಸಲೀಸು’ ಕಟ್ಟಿಕೊಟ್ಟ ಒಂದೇ ಆ್ಯಪಿನಲ್ಲಿ. ಏನೇ ಆಗಬೇಕಿದ್ದರೂ ಅದು ಜನರನ್ನು ಕೇಳುತ್ತಿತ್ತು. ನಿಮ್ಮ ಓಣಿಯ ನೀರು ಬೆಳಿಗ್ಗೆ ಬಿಡಲೇ? ನಿಮ್ಮ ಮಗಳನ್ನು ಪಕ್ಕದ ಶಾಲೆಗೆ ವರ್ಗ ಮಾಡಲೇ? ಕೇಳದೆ ಏನನ್ನೂ ಮಾಡುವುದಿಲ್ಲ ಎಂಬುದು ಮಂಡಳಿಯ ದೊಡ್ಡಸ್ತಿಕೆ. ಉತ್ತರಕ್ಕೆ ಮೂರು ಗುಂಡಿ: ‘ಆಗಲಿ’, ‘ಆಮೇಲೆ’, ‘ಬೇಡ’. ಫೋನಿಲ್ಲದವರಿಗೆ ಮಂಡಳಿಯೇ ಒಂದೊಂದು ಕೈಪಟ್ಟಿಯನ್ನು ಪುಕ್ಕಟೆಯಾಗಿ ಕಟ್ಟಿತ್ತು. ಊರಿನ ಮೂರರಲ್ಲೊಂದು ಪಾಲು ಮಣಿಕಟ್ಟುಗಳ ಮೇಲೆ ಅದು ಇತ್ತು.

ಆ ಆ್ಯಪಿನ ಪರದೆ ಕಲಿಯುವ ಪರದೆ. ಬೆರಳು ಎಲ್ಲಿ ತಡವರಿಸಿತು, ಎಷ್ಟು ಜೋರಾಗಿ ಒತ್ತಿತು, ಯಾವುದನ್ನು ಮುಟ್ಟಲೇ ಇಲ್ಲ ಎಂಬುದನ್ನೆಲ್ಲ ಗಮನಿಸಿ, ಪ್ರತಿಯೊಬ್ಬರಿಗೂ ಅವರವರ ಅಭ್ಯಾಸಕ್ಕೆ ತಕ್ಕಂತೆ ತನ್ನ ಮುಖವನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಅವರು ಒಂದು ವರ್ಷ ಮುಟ್ಟದ ಗುಂಡಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಒಬ್ಬರು ಒಂದೇ ಪ್ರಶ್ನೆಗೆ ಮೂರು ಸಲ ‘ಆಮೇಲೆ’ ಎಂದರೆ, ಪಾಪ, ಇವರಿಗೆ ತೀರ್ಮಾನಿಸಲು ಆಗುತ್ತಿಲ್ಲ ಎಂದುಕೊಂಡು ಅವರ ಹಿಂದಿನ ಉತ್ತರಗಳನ್ನು ನೋಡಿ ಪರದೆಯೇ ಉತ್ತರ ಕೊಡುತ್ತಿತ್ತು. ಒಂದು ನಿಮಿಷ ಸುಮ್ಮನಿದ್ದರೆ ಅದೂ ‘ಆಮೇಲೆ’ಯ ಲೆಕ್ಕಕ್ಕೇ ಸೇರುತ್ತಿತ್ತು. ಈ ಸೌಲಭ್ಯಕ್ಕೆ ‘ಮರೆಗುಳಿಗೆ ನೆರವು’ ಎಂದು ಹೆಸರು. ಬೇಕೆಂದು ಕೇಳಿದವರು ಸಂಸ್ಥೆಯ ಮುಖ್ಯಸ್ಥ ವಿದ್ಯಾಧರ ಕೊಣ್ಣೂರ. ಕೂತು ರೂಪಿಸಿದವಳು ಶಾಲ್ಮಲಾ.

ಗುಂಡಿಗಳನ್ನು ಜೋಡಿಸಿದವಳೂ ಅವಳೇ. ಗುಂಡಿ ಹೆಬ್ಬೆರಳಿನ ತುದಿಗಿಂತ ಚಿಕ್ಕದಿರಬಾರದು ಎಂಬುದು ಆ ಕಸುಬಿನ ಮೊದಲ ಪಾಠ. ಗೋಡೆಯ ಗಾಜಿನಲ್ಲಿ ಮೂರೂ ಗುಂಡಿ ಸಾಲಾಗಿ, ಸಮನಾಗಿ ಕೂತವು. ಫೋನಿನಲ್ಲಿ ಒಂದರ ಕೆಳಗೊಂದು ಕೂತವು. ಕೈಪಟ್ಟಿಯಲ್ಲಿ ಎರಡಕ್ಕೇ ಜಾಗ ಮುಗಿಯಿತು. ಯಾವುದನ್ನು ಕೆಳಗೆ ತಳ್ಳಬೇಕು? ಪರೀಕ್ಷೆಗೆ ಕರೆಸಿದ್ದ ಇನ್ನೂರು ಜನರಲ್ಲಿ ‘ಬೇಡ’ ಒತ್ತಿದವರು ಏಳೇ ಜನ. ಹಾಗಾಗಿ ‘ಬೇಡ’ ಕೆಳಗೆ ಹೋಯಿತು. ಬೆರಳಿಟ್ಟು ಮೇಲಕ್ಕೆ ಸವರಿದರೆ ಬರುತ್ತಿತ್ತು.

ಆ ಇನ್ನೂರು ಜನಕ್ಕೆ ಉಪ್ಪಿಟ್ಟು, ಚಹಾ ಕೊಟ್ಟು, ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಎದುರಿಗೆ ಇಬ್ಬರು ನಗುಮುಖದವರು ಕೂತು ಕೇಳಿದ್ದರು. ಹಾಗೆ ಎದುರಿಗೆ ಕೂತವರಿಗೆ ಬೇಡ ಎನ್ನುವುದು ಆ ಸೀಮೆಯಲ್ಲಿ ಒರಟುತನ. ಲಗ್ನಕ್ಕೆ ಕರೆಯಲು ಬಂದವರಿಗೆ ಬರುವುದಿಲ್ಲ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಇನ್ನೂ ದಿನ ಐತಲ್ರಿ, ಆಮ್ಯಾಲ ನೋಡೂಣು ಎನ್ನುತ್ತಾರೆ. ಕರೆದವರು ಅರ್ಥಮಾಡಿಕೊಂಡು ಊಟದೆಲೆಯ ಎಣಿಕೆಯಿಂದ ಅವರನ್ನು ಬಿಡುತ್ತಾರೆ. ಇದು ಶಾಲ್ಮಲಾಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಮೇಜಿಗೆ ಕೂತಾಗ ಮಾತ್ರ ನೆನಪಿಗೆ ಬರಲಿಲ್ಲ.

ಆ ವರ್ಷ ಕೈಪಟ್ಟಿಯ ಪರದೆಗೆ ಪ್ರಶಸ್ತಿ ಬಂತು. ದೇಶದಲ್ಲೇ ಅತಿ ಕಡಿಮೆ ನಿರಾಕರಣೆ ಬರುವ ಸೇವೆ ಎಂದು ಮಂಡಳಿಯವರು ಹೊಗಳಿದರು.

*

ನೀಲವ್ವ ಶಾಲ್ಮಲಾಳ ತಾಯಿಯ ತಂಗಿ. ತಾಯಿ ತೀರಿದಾಗ ಶಾಲ್ಮಲಾಳಿಗೆ ಆರು ವರ್ಷ. ಅಂದಿನಿಂದ ಬೆಳೆಸಿದವಳು ಈ ಚಿಗವ್ವ. ಹಳೇ ಹುಬ್ಬಳ್ಳಿಯ ರೊಟ್ಟಿ ಕೇಂದ್ರದಲ್ಲಿ ಮೂವತ್ತೆರಡು ವರ್ಷ ಜೋಳದ ರೊಟ್ಟಿ ಬಡಿದವಳು. ಸ್ವಂತ ಮಕ್ಕಳಿಲ್ಲ, ಸೊಸೆಯಂದಿರಿಲ್ಲ. ಇದ್ದವಳು ಶಾಲ್ಮಲಾ ಒಬ್ಬಳೇ. ಕೆಲಸ ಸಿಕ್ಕ ಮೊದಲ ವರ್ಷವೇ ಶಾಲ್ಮಲಾ ಒಂದು ಒಳ್ಳೆಯ ಫೋನು ತಂದುಕೊಟ್ಟಿದ್ದಳು. ಚಿಗವ್ವ ಅದನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟಿದ್ದಳು. “ಹಿಟ್ಟಿನ ಕೈಯಾಗ ಇದನ್ನ ಹೆಂಗ ಹಿಡೀಲಿ? ಕೈಯಾಗ ಕಟ್ಟ್ಯಾರಲ್ಲ, ಸಾಕು ಬಿಡು,” ಎಂದಿದ್ದಳು.

ಆ ಗುರುವಾರ ಮಧ್ಯಾಹ್ನ ರೊಟ್ಟಿ ಕೇಂದ್ರದಿಂದ ಮೈಮೂನಾಳ ಕರೆ ಬಂತು. ಮೈಮೂನಾ ಚಿಗವ್ವನ ಪಕ್ಕದ ಒಲೆಯವಳು. “ಲಗೂ ಬಾ ಶಾಲ್ಮಲಾ. ನಿಮ್ಮ ಚಿಗವ್ವ ಕೈ ಸುಟ್ಕೊಂಡಾಳ,” ಎಂದಳು.

ಶಾಲ್ಮಲಾ ಹೋದಾಗ ನೀಲವ್ವ ಗೋಡೆಗೊರಗಿ ಕೂತಿದ್ದಳು. ಬಲಗೈಯ ನಾಲ್ಕು ಬೆರಳು ಬೊಬ್ಬೆ ಎದ್ದಿದ್ದವು. ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಅದನ್ನು ನೋಡಿಯೇ ಶಾಲ್ಮಲಾಳಿಗೆ ಹೆದರಿಕೆಯಾಯಿತು.

“ಏನಾತು ಚಿಗವ್ವ?”

“ಏನಿಲ್ಲವ್ವ. ಹಂಚಿನ ಮ್ಯಾಲ ಕೈ ಇತ್ತು. ಗೊತ್ತಾಗಲಿಲ್ಲ. ವಾಸನಿ ಬಂತು, ರೊಟ್ಟಿ ಹೊತ್ತೇತಿ ಅಂದ್ಕೊಂಡೆ.”

“ಗೊತ್ತಾಗಲಿಲ್ಲ ಅಂದ್ರ?”

“ಎರಡು ತಿಂಗಳಾತು, ತುದಿಬೆರಳಿಗೆ ಏನೂ ತಿಳಿಯಂಗಿಲ್ಲ. ಎಸರು ಬಿಸಿ ಐತೋ ತಣ್ಣಗೈತೋ ಕಣ್ಣಿಲೇ ನೋಡಬೇಕು. ನನಗ ಅಷ್ಟ ಅಲ್ಲ, ಇವಳಿಗೂ ಹಂಗ. ಆ ಕಡೆ ಒಲಿ ಮುಂದಿನವ್ರಿಗೂ ಹಂಗ. ಹನ್ನೊಂದು ಮಂದಿ ಅದೇವಿ.”

ಹನ್ನೊಂದು ಮಂದಿಗೂ ಸಕ್ಕರೆ ಕಾಯಿಲೆ ಇತ್ತು. ಹನ್ನೊಂದು ಮಂದಿಯ ಕೈಪಟ್ಟಿಯ ಒಳಮೈಯಲ್ಲೂ ಅಂಗುಲದಷ್ಟು ಅಗಲದ ಒಂದು ಔಷಧದ ಬಿಲ್ಲೆ ಇತ್ತು. ಚರ್ಮಕ್ಕೆ ತಿಳಿಯದಷ್ಟು ಸಣ್ಣ ಸೂಜಿಗಳಿಂದ ಅದು ದಿನವಿಡೀ ಔಷಧ ಬಿಡುತ್ತಿತ್ತು. ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತೆ ಬಂದು ಬಿಲ್ಲೆ ಬದಲಿಸಿ ಹೋಗುತ್ತಿದ್ದಳು. ಐದು ತಿಂಗಳ ಹಿಂದೆ ಬಿಲ್ಲೆಯ ಬಣ್ಣ ಬಿಳಿಯಿಂದ ನೀಲಿಗೆ ತಿರುಗಿದ್ದನ್ನು ಇವರು ನೋಡಿದ್ದರು. ಕೇಳಿದರೆ ಆ ಕಾರ್ಯಕರ್ತೆ, ನೀವೇ ಒಪ್ಪೀರಲ್ರಿ ಎಂದಿದ್ದಳಂತೆ.

ಶಾಲ್ಮಲಾ ತನ್ನ ಫೋನಿನಲ್ಲಿ ಚಿಗವ್ವನ ದಾಖಲೆ ತೆರೆದಳು. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ‘ಸಕ್ಕರೆ ಕಾಯಿಲೆಗೆ ಹೊಸ ಔಷಧದ ಪ್ರಯೋಗದಲ್ಲಿ ಭಾಗವಹಿಸುವಿರಾ? ಉತ್ತರ: ಆಗಲಿ.’

“ಚಿಗವ್ವ, ಇದಕ್ಕ ನೀ ಹೂಂ ಅಂದಿಯಾ?”

“ನಾ ಎಲ್ಲಿ ಹೂಂ ಅಂದೀನಿ? ಮೂರು ಸಲ ಕೇಳಿತು. ಮೂರೂ ಸಲ ಆಮ್ಯಾಲ ಅಂದೆ. ಮೂರು ಸಲ ಆಮ್ಯಾಲ ಅಂದ್ರ ಒಲ್ಲೆ ಅಂತ ಸಣ್ಣ ಹುಡುಗ್ರಿಗೂ ತಿಳೀತೈತಿ.”

“ಬ್ಯಾಡ ಅನ್ನೂದು ಇತ್ತಲ್ಲ. ಅದನ್ನ ಒತ್ತಬೇಕಿತ್ತು.”

“ಎಲ್ಲೈತಿ ಅದು?” ಎಂದು ನೀಲವ್ವ ಎಡಗೈ ಚಾಚಿದಳು. “ತೋರಸು ನೋಡೂಣು.”

ಶಾಲ್ಮಲಾ ಆ ಪರದೆಯನ್ನು ನೋಡಿದಳು. ನಾಲ್ಕು ವರ್ಷದಲ್ಲಿ ಚಿಗವ್ವನ ಕೈಯನ್ನು ಎಷ್ಟೋ ಸಲ ಹಿಡಿದಿದ್ದಳು, ಮಣಿಕಟ್ಟಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಎರಡು ಗುಂಡಿಗಳಿದ್ದವು, ಆಗಲಿ ಮತ್ತು ಆಮೇಲೆ. “ಬೆರಳಿಟ್ಟು ಮ್ಯಾಲಕ್ಕ ಸರಸು,” ಎಂದಳು. ಚಿಗವ್ವ ಸುಡದ ಹೆಬ್ಬೆರಳನ್ನಿಟ್ಟು ಸರಿಸಿದಳು. ಪರದೆ ಕದಲಲಿಲ್ಲ. ಇನ್ನೊಮ್ಮೆ ಸರಿಸಿದಳು. ಶಾಲ್ಮಲಾ ತಾನೇ ಮುಟ್ಟಿದಳು, ಆಗಲೂ ಕದಲಲಿಲ್ಲ. ಕೈಪಟ್ಟಿಗೆ ಕಟ್ಟಿಕೊಂಡವರ ಬೆರಳೊಂದೇ ಬೇಕು, ಬೇರೆಯವರದು ನಡೆಯದು. ಕಳ್ಳರು ಒತ್ತಬಾರದೆಂದು ಆ ನಿಯಮ ಹಾಕಿದವಳೂ ಶಾಲ್ಮಲಾಳೇ.

“ನಾವು ಮಂಡಳಿಗೆ ದೂರು ಬರೀತೇವಿ,” ಎಂದಳು ಮೈಮೂನಾ. “ನಾವು ಒಪ್ಪಿಲ್ಲ ಅಂತ. ಹನ್ನೊಂದು ಮಂದೀನೂ ಬರೀತೇವಿ. ನಿಮ್ಮ ಚಿಗವ್ವಂದ ಮೊದಲನೇ ಹೆಸರು.”

“ಬರೀರಿ,” ಎಂದಳು ಶಾಲ್ಮಲಾ. ನೀಲಿ ಬಿಲ್ಲೆಗಳನ್ನು ಅಂದೇ ಕೈಪಟ್ಟಿಗಳಿಂದ ಕಿತ್ತು ತೆಗೆದರು.

*

ಮರುದಿನ ಬೆಳಿಗ್ಗೆ ಅವಳು ಡ್ರಾಯರ್ ಎಳೆದು ಹಳದಿ ಟೇಪನ್ನು ಕಿತ್ತಳು. ಹದಿನೇಳನೆಯ ಪರದೆ ಕಟ್ಟಿಕೊಂಡು ಬೆರಳಿಟ್ಟು ಸವರಿದಳು. ‘ಬೇಡ’ ಸರಕ್ಕನೆ ಮೇಲೆ ಬಂತು. ಒಂದು ಕ್ಷಣ ಅವಳಿಗೆ ಸಮಾಧಾನವಾಯಿತು, ಸುಳ್ಳು ಹೇಳಬಾರದು.

ಆಮೇಲೆ ಕೈಚೀಲದಿಂದ ಜೋಳದ ಹಿಟ್ಟಿನ ಪೊಟ್ಟಣ ತೆಗೆದಳು. ಸಂಸ್ಥೆಯ ಅಡುಗೆಮೂಲೆಯಲ್ಲಿ ನೀರು ಕಾಯಿಸಿ, ಹಿಟ್ಟು ಕಲಸಿ, ಬೆರಳುಗಳಿಗೆ ಮೆತ್ತಿಕೊಂಡು ಒಣಗಲು ಬಿಟ್ಟಳು. ಚಹಾ ಕುಡಿಯಲು ಬಂದವರು ಇದೇನು ಹೊಸ ಸೌಂದರ್ಯ ಸಾಧನ ಎಂದು ಚೇಷ್ಟೆ ಮಾಡಿ ಹೋದರು. ಹಿಟ್ಟು ಒಣಗಿ ಬಿರಿದ ಮೇಲೆ ಅದೇ ಬೆರಳಿನಿಂದ ಸವರಿದಳು. ಪರದೆ ಕದಲಲಿಲ್ಲ. ಹತ್ತು ಸಲ ಸವರಿದಳು. ಒತ್ತಿದರೆ ಮಾತ್ರ ತಿಳಿಯುತ್ತಿತ್ತು. ಅಗ್ಗದ ಪರದೆಗೆ ಗಟ್ಟಿಯಾಗಿ ಒತ್ತಿದ್ದು ಗೊತ್ತಾಗುತ್ತದೆ, ಒಣಗಿದ ಚರ್ಮ ಸವರಿದ್ದು ನಡುನಡುವೆ ಕಡಿದುಹೋಗುತ್ತದೆ. ಹಿಟ್ಟು ತೊಳೆದರೆ ಅವಳ ಬೆರಳು ಮೊದಲಿನಂತಾಯಿತು. ಮೂವತ್ತೆರಡು ವರ್ಷ ಹಂಚಿನ ಶಾಖ ಕುಡಿದ ಬೆರಳನ್ನು ತೊಳೆದರೆ ಏನಾಗುತ್ತದೆ?

ಮೇಜಿಗೆ ಮರಳಿ ಕಡತ ತೆರೆದರೆ ಚಿಗವ್ವನ ಪರದೆ ಕಲಿತದ್ದೆಲ್ಲ ಅವಳ ಗಾಜಿನ ಮೇಲೆ ಬಂತು. ‘ಬೇಡ’ ಈಗ ಐದನೆಯ ಮೆಟ್ಟಿಲಿನಲ್ಲಿತ್ತು. ಒಮ್ಮೆಯೂ ಮುಟ್ಟದ್ದರಿಂದ ವರ್ಷಕ್ಕೊಂದರಂತೆ ಇಳಿದಿತ್ತು. ಕೆಳಗೆ ಪರದೆ ಒಂದು ಷರಾ ಹಾಕಿಕೊಂಡಿತ್ತು. ‘ಈ ಬಳಕೆದಾರರು ನಿರಾಕರಿಸುವ ಸ್ವಭಾವದವರಲ್ಲ.’

ಕೊಣ್ಣೂರರ ಕೋಣೆಗೆ ಅವಳು ಕೈಪಟ್ಟಿ ಕಟ್ಟಿಕೊಂಡೇ ಹೋದಳು. ಹೇಳುವುದನ್ನೆಲ್ಲ ಹೇಳಿದಳು. ಕೊಣ್ಣೂರ ಧಾರವಾಡದವರು, ಸಿಟ್ಟು ಮಾಡುವ ಮನುಷ್ಯನಲ್ಲ. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಶಾಲ್ಮಲಾ ಅವರ, ಒಂದ ಪ್ರಶ್ನೆ ಕೇಳ್ತೀನಿ. ಗುಂಡಿ ಅದನೋ, ಇಲ್ಲೋ?”

“ಇದೆ ಸರ್. ಆದರೆ ಅವರ ಬೆರಳಿಗೆ...”

“ಅದ ಅಂದ್ರಲ್ಲ. ಮುಂದಿಂದು ಪರೀಕ್ಷಾ ಮಾಡಿ ನೋಡೋಣಂತ. ನಿಮ್ಮ ಚಿಗವ್ವನ್ನ ಕರಕೊಂಡು ಬರ್ರಿ. ಮಂಡಳಿಯವರನ್ನೂ ಕರಸ್ತೀನಿ. ನಾವು ಜನರನ್ನ ಕೇಳದ ಏನೂ ಮಾಡೋರಲ್ಲ.”

*

ಅದೇ ತಣ್ಣನೆಯ ಕೋಣೆ, ಅದೇ ಉಪ್ಪಿಟ್ಟು. ನೀಲವ್ವ ಇಳಕಲ್ ಸೀರೆಯುಟ್ಟು, ಪಟ್ಟಿ ಕಟ್ಟಿದ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು. ಎದುರಿಗೆ ಮಂಡಳಿಯ ಇಬ್ಬರು ಸದಸ್ಯರು. ಅವಳ ಕೈಪಟ್ಟಿಯ ಪರದೆ ಗೋಡೆಯ ಗಾಜಿನ ಮೇಲೆ ದೊಡ್ಡದಾಗಿ ಕಾಣುವಂತೆ ಮಾಡಿದ್ದರು. ಶಾಲ್ಮಲಾ ಹಿಂದೆ ನಿಂತಿದ್ದಳು. ಬಾಯಿ ಹಾಕಬಾರದೆಂದು ಕೊಣ್ಣೂರ ಮೊದಲೇ ಹೇಳಿದ್ದರು.

“ಅಮ್ಮಾರ, ಇದು ಹುಡುಗಾಟಕಿ ಪ್ರಶ್ನೆ,” ಎಂದರು ಕೊಣ್ಣೂರ. “ನಿಮಗ ಚಹಾ ಬೇಕೇನು ಅಂತ ಕೇಳ್ತದ. ನೀವು ಬೇಡ ಅಂತ ಉತ್ತರ ಕೊಡಬೇಕು. ಇಷ್ಟ.”

ಪ್ರಶ್ನೆ ಮೂಡಿತು. ನೀಲವ್ವ ಬಲಗೈ ಹೊರತೆಗೆದು ಹೆಬ್ಬೆರಳನ್ನು ಪರದೆಯ ಮೇಲಿಟ್ಟು ಮೇಲಕ್ಕೆ ಸವರಿದಳು. ಗೋಡೆಯ ಮೇಲೆ ಏನೂ ಆಗಲಿಲ್ಲ. ಮತ್ತೆ ಸವರಿದಳು. ನಾಲ್ಕನೆಯ ಸಲಕ್ಕೆ ಹಣೆಯ ಮೇಲೆ ಬೆವರು ಬಂತು. ಸದಸ್ಯರಲ್ಲೊಬ್ಬರು ಗಡಿಯಾರ ನೋಡಿದರು. ಕಾಯಿಸುತ್ತಿದ್ದೇನೆಂಬ ಸಂಕೋಚಕ್ಕೆ ಅವಳು ‘ಆಮೇಲೆ’ ಒತ್ತಿದಳು. ಪ್ರಶ್ನೆ ಮತ್ತೆ ಬಂತು, ಮತ್ತೆ ಸವರಿದಳು, ಮತ್ತೆ ಆಮೇಲೆ. ಮೂರನೆಯ ಸಲ ಒತ್ತಿದಾಗ ಗೋಡೆ ಹಸಿರಾಯಿತು. ‘ನಿಮ್ಮ ಒಪ್ಪಿಗೆಗೆ ಧನ್ಯವಾದಗಳು.’ ಬಾಗಿಲು ತೆರೆದು ಒಬ್ಬರು ಸ್ಟೀಲ್ ಲೋಟದಲ್ಲಿ ಚಹಾ ತಂದಿಟ್ಟರು.

“ಒಲ್ಲೆ ಅಂದ್ರೂ ಬಂತು ನೋಡ್ರಿ,” ಎಂದಳು ನೀಲವ್ವ.

ಸದಸ್ಯರು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತನ್ನು ಆ ಕೋಣೆಗೇ ಕಟ್ಟಿದ್ದಿರಬೇಕು. ಎದುರಿಗೆ ತಂದಿಟ್ಟ ಚಹಾವನ್ನು ತಳ್ಳುವುದು ಮರ್ಯಾದೆಯಲ್ಲ ಎಂದು ಅವಳು ಲೋಟ ಎತ್ತಿಕೊಂಡಳು. ಪಟ್ಟಿಯಿಲ್ಲದ ಎಡಗೈಯಲ್ಲಿ, ಐದೂ ಬೆರಳು ಸುತ್ತಿ, ಅಂಚನ್ನಲ್ಲ, ಹೊಟ್ಟೆಯನ್ನೇ ಹಿಡಿದಿದ್ದಳು. ಚಹಾದಿಂದ ಹಬೆ ಏಳುತ್ತಿತ್ತು. ಸದಸ್ಯರ ನಗು ನಿಂತಿತು. ಶಾಲ್ಮಲಾ ಓಡಿಹೋಗಿ ಲೋಟ ಕಿತ್ತುಕೊಂಡಳು, ಅವಳ ಬೆರಳು ಚುರ್ರೆಂದಿತು.

“ಬಿಸಿ ಇತ್ತೇನವ್ವ?” ಎಂದು ಚಿಗವ್ವ ಕೇಳಿದಳು.

ಆ ದಿನದ ವರದಿಯಲ್ಲಿ ಸದಸ್ಯರು ಬರೆದದ್ದಿಷ್ಟು. ‘ಗುಂಡಿ ಲಭ್ಯವಿದೆ. ಬಳಕೆದಾರರು ಗಲಿಬಿಲಿಗೊಂಡಿದ್ದರು. ಅಂತಿಮ ತೀರ್ಮಾನಕ್ಕೆ ವಿನ್ಯಾಸ ಮಾಡಿದವರ ಹೇಳಿಕೆ ಅಗತ್ಯ.’

*

ಹೇಳಿಕೆ ಕೊಡಬೇಕಾದ ದಿನ ಕೊಣ್ಣೂರ ತಾವೇ ಅವಳ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

“ವೈದ್ಯರ ಜೋಡಿ ಮಾತಾಡೀನಿ. ಸತ್ತ ನರಕ್ಕ ಔಷಧ ಇಲ್ಲ. ಸಾಯ್ಲಿಕ್ಕತ್ತಿದ್ದಕ್ಕ ಅದ. ಬಿಲ್ಲೆ ತಗದ ಮ್ಯಾಲ ಆರು ವಾರದೊಳಗ ಶುರು ಮಾಡಬೇಕಂತ. ನಿಮ್ಮ ಚಿಗವ್ವಂದು ನಾಲ್ಕು ವಾರ ಆಗ್ಲೇ ಹೋಗ್ಯಾವ.”

ಶಾಲ್ಮಲಾ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು.

“ಔಷಧ ಕಂಪನಿಯವರ ಕಡೆ ಆ ಚಿಕಿತ್ಸಾ ಅದ. ಮೊದಲನೇ ಪಟ್ಟಿಯೊಳಗ ಅವರ ಹೆಸರು ಹಾಕ್ತಾರ. ನೀವು ಹೇಳಿಕಿ ಕೊಟ್ಟರ ಇವತ್ತ ಮಧ್ಯಾಹ್ನ ಅವರ ಕೈಪಟ್ಟಿಗೆ ಪ್ರಶ್ನೆ ಹೋಗ್ತದ. ಸೋಮವಾರ ಶುರು.”

“ದೂರು?”

“ಚಿಕಿತ್ಸಾ ಒಪ್ಪಿದವರು ದೂರು ಹಿಂದ ತಗೊಂಡಂಗ. ಅದು ಪದ್ಧತಿ. ಪ್ರಶ್ನೆಯೊಳಗ ಬರದಿರ್ತದ, ನಾವು ಮುಚ್ಚಿಡೂದಿಲ್ಲ.”

“ಉಳಿದ ಹತ್ತು ಮಂದಿ?”

“ಮೊದಲನೇ ಹೆಸರು ಹೋದ ಮ್ಯಾಲ ಉಳಿದವ್ರು ತಾವ ಒಪ್ಪತಾರ. ಸುಳ್ಳು ಹೇಳ್ರಿ ಅಂತ ನಾ ನಿಮಗ ಹೇಳವಲ್ಲೆ. ಬರದದ್ದು ಓದ್ರಿ.”

ಅವರು ಎದ್ದು ಹೋದ ಮೇಲೆ ಅವಳು ಓದಿದಳು. ‘ನಿರಾಕರಿಸುವ ಗುಂಡಿಯು ಎಲ್ಲ ಹದಿನೇಳು ಬಗೆಯ ಸಾಧನಗಳಲ್ಲೂ ಸದಾ ಲಭ್ಯವಿತ್ತು ಎಂದು ವಿನ್ಯಾಸಕಿಯಾದ ನಾನು ದೃಢಪಡಿಸುತ್ತೇನೆ.’ ಒಂದು ಅಕ್ಷರವೂ ಸುಳ್ಳಲ್ಲ. ಇಂಥ ವಾಕ್ಯಗಳನ್ನು ಬರೆಯಲು ಸಂಸ್ಥೆಯಲ್ಲಿ ಬೇರೆ ವಿಭಾಗವೇ ಇತ್ತು.

ವಾಕ್ಯದ ಕೆಳಗೆ, ಅವಳ ಮೇಜಿನ ವಿಶಾಲವಾದ ಗಾಜಿನ ಮೇಲೆ, ಮೂರು ಗುಂಡಿಗಳು ಸಾಲಾಗಿ ಕೂತಿದ್ದವು. ಮೂರೂ ಒಂದೇ ಅಳತೆಯವು. ‘ಬೇಡ’ ಬಲತುದಿಯಲ್ಲಿ, ಅವಳ ಬಲಗೈಗೆ ಎಲ್ಲಕ್ಕಿಂತ ಹತ್ತಿರದಲ್ಲಿತ್ತು. ಅದನ್ನು ಯಾರೂ ಕೆಳಗಿಳಿಸಿರಲಿಲ್ಲ. ಒತ್ತುವುದಕ್ಕೆ ಅಡ್ಡಿಯಾಗಿ ಈ ಲೋಕದಲ್ಲಿ ಏನೂ ಇರಲಿಲ್ಲ.

ಫೋನು ತೆಗೆದು ರೊಟ್ಟಿ ಕೇಂದ್ರಕ್ಕೆ ಕರೆ ಮಾಡಿ ಚಿಗವ್ವನನ್ನು ಕೇಳಬಹುದಿತ್ತು. ಕೇಳಿದರೆ ಚಿಗವ್ವ ಏನೆನ್ನುತ್ತಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಮಂದಿಯನ್ನು ನಡುನೀರಿನಲ್ಲಿ ಬಿಟ್ಟು ನಾನೊಬ್ಬಳು ದಡ ಹತ್ತುವುದಿಲ್ಲ ಎನ್ನುವವಳು ಅವಳು. ಗೊತ್ತಿದ್ದುದರಿಂದಲೇ ಶಾಲ್ಮಲಾ ಕೇಳಲಿಲ್ಲ. ಕೈ ಉಳಿಯಲಿ, ಸಿಟ್ಟಾದರೆ ಆಗಲಿ, ಆಮೇಲೆ ರಮಿಸಿದರಾಯಿತು ಎಂದುಕೊಂಡಳು. ಪ್ರೀತಿಯಿಂದಲೇ ಹಾಗೆ ಅಂದುಕೊಂಡಳು. ಅವಳ ಬೆರಳು ಎಡಕ್ಕೆ ಹೋಗಿ ‘ಆಗಲಿ’ ಒತ್ತಿತು.

*

ಸಂಜೆ ಆರಕ್ಕೆ ಅವಳು ಚಿಗವ್ವನ ಮನೆಗೆ ಹೋದಳು. ನೀಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದಲ್ಲಿದ್ದ ಕಲ್ಲು ಬೆರಳಿಗೆ ತಿಳಿಯದು, ಹಾಗಾಗಿ ಕಾಳನ್ನು ಕಣ್ಣಿನ ಹತ್ತಿರ ತಂದು ಒಂದೊಂದಾಗಿ ನೋಡುತ್ತಿದ್ದಳು.

“ಬಾ, ಕುಂದ್ರು. ನಿನ್ನ ಹಾದೀನ ಕಾಯಾಕತ್ತಿದ್ದೆ,” ಎಂದಳು. “ಮಧ್ಯಾಹ್ನದಿಂದ ಇದು ಏನೋ ಕೇಳಾಕತ್ತೇತಿ. ಮೈಮೂನಾ ಓದಿ ಹೇಳಿದ್ಲು. ಕೈಗೆ ಔಷಧ ಕೊಡ್ತಾರಂತ, ದೂರು ಬಿಡಬೇಕಂತ. ಎರಡು ಸಲ ಕೇಳ್ತು. ಎರಡೂ ಸಲ ಆಮ್ಯಾಲ ಅಂದೀನಿ.”

“ಯಾಕ?”

“ನಿನ್ನ ಕೇಳದ ಹೆಂಗ ಹೇಳ್ಲಿ? ನೀ ಆ ಕಚೇರಿಯಾಗ ಇರಾಕಿ. ನಾ ಒಲ್ಲೆ ಅಂದ್ರ ನಿನಗೇನರ ತ್ರಾಸ ಆದೀತಂತ ತಡದೆ.”

ಶಾಲ್ಮಲಾ ಮೊರದ ಇನ್ನೊಂದು ಬದಿಗೆ ಕೂತು, ತಲೆ ತಗ್ಗಿಸಿ, ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದಳು. ಹೇಳಿಕೆಯ ವಾಕ್ಯವನ್ನೂ ಹೇಳಿದಳು, ಒತ್ತಿದ್ದನ್ನೂ ಹೇಳಿದಳು. ನೀಲವ್ವ ಕಾಳು ಆರಿಸುವುದನ್ನು ನಿಲ್ಲಿಸಿದಳು.

“ನಿನಗ ಬ್ಯಾಡ ಅನ್ನೂದು ಕಾಣ್ತಿತ್ತೇನು?”

“ಹೂಂ.”

“ನನಗ ಕಾಣ್ತಿದ್ದಿಲ್ಲ,” ಎಂದಳು ನೀಲವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಶಾಲ್ಮಲಾ ತಡೆದುಕೊಳ್ಳುತ್ತಿದ್ದಳು. “ಅದು ಮಷಿನ್ನು, ಕೇಳೂದು ತಿಳಿಯಂಗಿಲ್ಲ ಅದಕ್ಕ. ನೀನೂ ಕೇಳಲಿಲ್ಲಲ್ಲವ್ವ.”

“ನಿನ್ನ ಕೈ ಹೋಗ್ತಾವ ಚಿಗವ್ವ.”

“ಹೋಗ್ಲಿ. ಕೈ ನನ್ನವು. ನಾಳೆ ಮೈಮೂನಾನ ಮಾರಿ ಹೆಂಗ ನೋಡ್ಲಿ?”

ಆಗ ಕೈಪಟ್ಟಿ ನಡುಗಿತು. ಮೂರನೆಯ ಸಲದ ಪ್ರಶ್ನೆ. ನೀಲವ್ವ ಮೊರವನ್ನು ಪಕ್ಕ ಸರಿಸಿ ಎಡಗೈಯನ್ನು ಶಾಲ್ಮಲಾಳ ತೊಡೆಯ ಮೇಲಿಟ್ಟಳು.

“ನಿನಗ ಗೊತ್ತೈತಿ ಅದು ಎಲ್ಲೈತಂತ. ನೀನ ಇಟ್ಟೀಯಲ್ಲ. ತೋರಸು. ನಾ ಒತ್ತತೀನಿ.”

ಐದು ಮೆಟ್ಟಿಲು ಕೆಳಗೆ. ಒಂದು ನಿಮಿಷ. ಶಾಲ್ಮಲಾ ತನ್ನ ಓಢಣಿಯಂಚನ್ನು ಹೂಜಿಯ ನೀರಲ್ಲಿ ಅದ್ದಿ ಚಿಗವ್ವನ ಹೆಬ್ಬೆರಳನ್ನು ಒರೆಸಿದಳು. ಆ ಬೆರಳನ್ನು ತನ್ನ ಎರಡು ಬೆರಳುಗಳ ನಡುವೆ ಹಿಡಿದು ಪರದೆಯ ಮೇಲಿಟ್ಟು ಮೇಲಕ್ಕೆ ಎಳೆದಳು. ಪರದೆ ಒಂದು ಮೆಟ್ಟಿಲು ಸರಿಯಿತು. ಇನ್ನೊಮ್ಮೆ ಎಳೆದಳು, ಸರಿಯಲಿಲ್ಲ. ಮತ್ತೆ ಒದ್ದೆ ಮಾಡಿದಳು. ಎರಡನೆಯ ಮೆಟ್ಟಿಲು ಬಂತು. ಮೂರನೆಯದು ಅರ್ಧ ಬಂದು ಕೆಳಗೆ ಜಾರಿತು. ಬೆರಳಿನ ಚರ್ಮ ನೀರನ್ನು ಹಿಡಿಯುತ್ತಿರಲಿಲ್ಲ, ಹಂಚಿನ ಮೇಲೆ ಚಿಮುಕಿಸಿದ ನೀರಿನಂತೆ ಆರಿಹೋಗುತ್ತಿತ್ತು. ಒತ್ತಿ ಎಳೆದಳು, ಮೆಲ್ಲಗೆ ಎಳೆದಳು, ತುದಿಯಿಂದ ಎಳೆದಳು, ಪಕ್ಕದಿಂದ ಎಳೆದಳು. ಈ ಪರದೆಯ ಗುಟ್ಟೆಲ್ಲ ಬಲ್ಲವಳು ಅವಳೊಬ್ಬಳೇ. ಬಲ್ಲ ಗುಟ್ಟುಗಳೆಲ್ಲ ಮುಗಿದವು.

“ಸಾವಕಾಶ ಮಾಡು,” ಎಂದಳು ನೀಲವ್ವ. “ನನಗೇನೂ ನೋಯೂದಿಲ್ಲ.”

ನಾಲ್ಕನೆಯ ಮೆಟ್ಟಿಲಿನ ಅಂಚು ಕಾಣಿಸಿಕೊಳ್ಳುವಷ್ಟರಲ್ಲಿ ನಿಮಿಷ ಮುಗಿಯಿತು. ಪರದೆ ತಾನೇ ಮೇಲಿನಿಂದ ಮತ್ತೆ ಶುರುವಾಯಿತು, ಕ್ಷಣ ಹೊತ್ತು ಯೋಚಿಸಿತು, ಹಸಿರಾಯಿತು.

“ಏನಂತೈತಿ?” ಎಂದು ನೀಲವ್ವ ಕೇಳಿದಳು. ಅಷ್ಟು ಸಣ್ಣ ಅಕ್ಷರ ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಅಕ್ಷರದ ಅಳತೆ ಗೊತ್ತುಮಾಡಿದವಳು ಎದುರಿಗೇ ಕೂತಿದ್ದಳು.

ಶಾಲ್ಮಲಾ ಓದಿ ಹೇಳಿದಳು. “ನಿಮ್ಮ ಒಪ್ಪಿಗೆಗೆ ಧನ್ಯವಾದಗಳು.”

“ಯಾರ ಒಪ್ಪಿಗಿ?”

“ನಂದು, ಚಿಗವ್ವ,” ಎಂದಳು ಶಾಲ್ಮಲಾ.

ನೀಲವ್ವ ಕತ್ತಲಾಗುವ ಮೊದಲು ಕಾಳು ಮುಗಿಸಬೇಕೆಂದು ಮೊರದ ಕಡೆ ತಿರುಗಿದಳು, ಕೈ ಬಾರದ್ದನ್ನು ನೋಡಿ ತಡೆದಳು. ಶಾಲ್ಮಲಾ ಅವಳ ಹೆಬ್ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಕಣ್ಣಿನಿಂದ ನೋಡುವವರೆಗೂ ಅದು ನೀಲವ್ವನಿಗೆ ತಿಳಿದಿರಲಿಲ್ಲ.